ತೋಳದ ಬೆನ್ನ ಹಿಂದಿನ ಮರಗಳು

ಆ ಚಳಿಗಾಲದಲ್ಲಿ ಮೆಲಾನಿಯ ಮನೆಯ ಹಾಸಿಗೆ ಬಟ್ಟೆಗಳೆಲ್ಲ ನೀಲಿಯಾಗಿ ಹೋದದ್ದನ್ನು ನೋಡಿ ನಮ್ಮ ಬೀದಿಯೇ ನಕ್ಕಿತ್ತು. ನಾನೂ ನಕ್ಕಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಡೆದದ್ದು ಇಷ್ಟೆ. ಎಪ್ಪತ್ತೆರಡು ವರ್ಷದ ಮೆಲಾನಿಗೆ ಸೊಸೆ ಒಗೆದ ಬಟ್ಟೆಯಲ್ಲಿ ದಿನಕ್ಕೊಂದು ಹುಳುಕು ಕಾಣುತ್ತಿತ್ತು. ಹಾಸು ಹಳದಿ, ದಿಂಬಿನ ಚೀಲ ಹಳದಿ, ಮೇಜಿನ ಬಟ್ಟೆ ಹಳದಿ. ಹಾಲನ್ನು ಕಂಡರೂ ನಿನ್ನೆಯದಾ ಎಂದು ಕೇಳುತ್ತಿದ್ದಳು. ಬಟ್ಟೆಗೆ ನೀಲಿ ಹಾಕುವುದಕ್ಕೂ ಜಿಪುಣತನ ಮಾಡುವ ಸೊಸೆ ತನಗೇ ಸಿಗಬೇಕಾಗಿತ್ತೇ ಎಂದು ಗೋಡೆಯಾಚೆಯ ನನಗೂ ಕೇಳುವಂತೆ ಹೇಳುತ್ತಿದ್ದಳು. ಸೊಸೆ ಜೆರ್ಮೇನ್ ಇಪ್ಪತ್ತು ವರ್ಷ ಅದೆಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡವಳು. ಫೆಬ್ರವರಿಯ ಒಂದು ಸೋಮವಾರ ಅವಳಿಗೂ ರೋಸಿಹೋಯಿತು. ಹೊಳೆಯ ಬದಿಯ ಒಗೆಯುವ ಕಟ್ಟೆಯಲ್ಲಿ ನಮ್ಮೆಲ್ಲರ ಕಣ್ಣೆದುರೇ ನೀಲಿ ಪುಡಿಯ ಪೊಟ್ಟಣವನ್ನು ಪೂರಾ ತೊಟ್ಟಿಗೆ ಸುರಿದಳು. ಬೇಲಿಯ ಮೇಲೆ ಹರವಿದ ಬಟ್ಟೆಗಳು ನಮ್ಮ ಪೊಲೀಸರ ನೀಲಿ ಅಂಗಿಯ ಬಣ್ಣಕ್ಕೆ ಬಂದಿದ್ದವು. ಮೆಲಾನಿ ಬಾಗಿಲಿಗೆ ಬಂದು ನಿಂತು, ಸಾವಕಾಶವಾಗಿ ನೋಡಿ, "ಈಗ ಬೆಳ್ಳಗಾಯ್ತು ನೋಡು. ಮನಸ್ಸು ಮಾಡಿದ್ರೆ ನಿನಗೂ ಬರುತ್ತೆ" ಎಂದಳು.

ಮುದುಕಿ ಕುಟುಕಿಗೆ ಕುಟುಕು ವಾಪಸು ಕೊಟ್ಟಳು ಎಂದುಕೊಂಡು ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ತನಗೆ ಕಂಡದ್ದನ್ನೇ ಹೇಳುತ್ತಿದ್ದಾಳೆ ಎಂದು ಆಗ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಅರವತ್ತಕ್ಕೆ ಹಾಕಿಕೊಂಡ ಕನ್ನಡಕವನ್ನು ಎಪ್ಪತ್ತಕ್ಕೆ ತೆಗೆದಿಟ್ಟವಳು ಅವಳು. ಸೂಜಿಗೆ ದಾರ ಬರಿಗಣ್ಣಿನಲ್ಲಿ ಪೋಣಿಸುತ್ತಿದ್ದಳು. ವಯಸ್ಸಾದ ಹಾಗೆ ನನ್ನ ಕಣ್ಣು ಎಳೆಯದಾಗುತ್ತಿದೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಫ್ರಾನ್ಸಿನ ನಮ್ಮ ಓಬ್ಯುಸೋಂ ಊರಿನಲ್ಲಿ ಉಣ್ಣೆಯಿಂದ ರೊಟ್ಟಿ ಕಾಣದ ಮನೆ ಕಡಿಮೆ. ಗೋಡೆಗೆ ತೂಗುಹಾಕುವ ಚಿತ್ರಗಂಬಳಿ ನೇಯುವುದು ಇಲ್ಲಿಯವರ ಕಸುಬು. ನಾನೂ ಮೂವತ್ತು ವರ್ಷ ಮಗ್ಗಕ್ಕೆ ಬಗ್ಗಿ ಸೊಂಟ ಕಳೆದುಕೊಂಡವಳೇ. ಮೆಲಾನಿಯದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಕೆಲಸ. ಇನ್ನೂರು ಮುನ್ನೂರು ವರ್ಷದ ಹಳೆಯ ಚಿತ್ರಗಂಬಳಿಗಳಲ್ಲಿ ನುಸಿ ತಿಂದ, ತೇವಕ್ಕೆ ಕೊಳೆತ ಜಾಗಗಳನ್ನು ಎಳೆ ಎಳೆಯಾಗಿ ಮತ್ತೆ ಕಟ್ಟುವ ರಫೂ ಕೆಲಸ. ಅದರಲ್ಲಿ ಅವಳನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ನೂಲಿನ ಲಡಿಯನ್ನು ಹಳೆಯ ಬಟ್ಟೆಯ ಮೇಲಿಟ್ಟು ಬಣ್ಣ ಹೊಂದುತ್ತದೋ ಇಲ್ಲವೋ ಎಂದು ನಾವೆಲ್ಲ ನೋಡುತ್ತೇವೆ. ಅವಳು ನೋಡುತ್ತಿರಲಿಲ್ಲ. ಅದು ಕಲಿಯುವ ಹುಡುಗಿಯರ ಚಾಳಿ ಎಂದು ಮೂಗು ಮುರಿಯುತ್ತಿದ್ದಳು. ಬಟ್ಟೆಯನ್ನು ಒಂದು ಸಲ ನೋಡಿದಳೆಂದರೆ ಬಣ್ಣ ತಲೆಯಲ್ಲಿ ಕೂತಿರುತ್ತಿತ್ತು. ಉತ್ತರದ ಕಿಟಕಿಯ ಬಳಿ ಲಡಿಯನ್ನು ಎತ್ತಿ ಹಿಡಿದು, ಹೌದು ಅಥವಾ ಅಲ್ಲ, ಎರಡೇ ಮಾತು. ಅಲ್ಲಿಯತನಕ ಐವತ್ತು ವರ್ಷದಲ್ಲಿ ಅವಳ ಹೌದು ತಪ್ಪಾದದ್ದನ್ನು ನಾನು ಕಂಡಿರಲಿಲ್ಲ.

ಆ ಲಡಿಗಳಿಗೆ ಬಣ್ಣ ಹಾಕುತ್ತಿದ್ದವನು ಅವಳ ಮಗ ಲೂಸಿಯನ್. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಎರಡು ತಾಮ್ರದ ಹಂಡೆ ಇಟ್ಟುಕೊಂಡಿದ್ದ. ನಲವತ್ತೇಳು ವರ್ಷದ, ಮೊಣಕೈತನಕ ಬಣ್ಣ ಹತ್ತಿದ, ಮಾತು ಕಡಿಮೆಯ ಮನುಷ್ಯ. ಅವನಷ್ಟು ಚೆನ್ನಾಗಿ ಹಳೆಯ ಹಸಿರನ್ನು ಬರಿಸುವವನು ನಮ್ಮೂರಲ್ಲಿ ಇನ್ನೊಬ್ಬನಿರಲಿಲ್ಲ. ಇದು ನಮಗೆಲ್ಲ ಗೊತ್ತಿತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದವನಿದ್ದಾಗಿನಿಂದ ಅವನು ತಾಯಿಯ ಬಾಯಲ್ಲಿ ಕೇಳಿಕೊಂಡು ಬಂದದ್ದು ಒಂದೇ ಮಾತು: ನಿಮ್ಮಪ್ಪನಿಗೆ ಕಣ್ಣಿತ್ತು, ನಿನಗೆ ದೇವರು ಆ ಜಾಗದಲ್ಲಿ ಎರಡು ಗುಂಡಿ ಹೊಲಿದು ಕಳಿಸಿದ್ದಾನೆ.

ಆ ವರ್ಷ ಲೂಸಿಯನ್‌ನ ಬದುಕಿನಲ್ಲಿ ಮೊದಲ ಸಲ ಒಂದು ಬಾಗಿಲು ತೆರೆಯುವ ಹಾಗೆ ಕಂಡಿತು. ಸೇತುವೆಯ ಬಳಿಯ ದೊಡ್ಡ ಕಾರ್ಖಾನೆಯ ಹಿರಿಯ ಬಣ್ಣಗಾರ ಜೂನ್ ಕೊನೆಗೆ ಕೆಲಸ ಬಿಡುವವನಿದ್ದ. ಯಜಮಾನ ಲೂಸಿಯನ್‌ನನ್ನು ಕರೆಸಿ, ನಿಮ್ಮನೆಗೆ ಪ್ರಾಣಿಕಥೆಗಳ ಚಿತ್ರಗಂಬಳಿ ಬಂದಿದೆಯಂತೆ, ಅದು ಮುಗಿಯಲಿ, ಅದರಲ್ಲಿ ನಿನ್ನ ಬಣ್ಣ ನೋಡಿ ಜಾಗ ಕೊಡುತ್ತೇನೆ ಎಂದಿದ್ದ. ಆರು ಹಂಡೆ, ಇಬ್ಬರು ಸಹಾಯಕರು, ಬೀಗ ಹಾಕಿಕೊಳ್ಳಬಹುದಾದ ಸ್ವಂತ ಕೋಣೆ. ಜೆರ್ಮೇನ್ ಒಗೆಯುವ ಕಟ್ಟೆಯಲ್ಲಿ ಇದನ್ನು ನನಗೆ ಹೇಳುವಾಗ ಸೋಪನ್ನು ಕೈಯಲ್ಲಿ ಹಿಡಿದೇ ನಿಂತುಬಿಟ್ಟಿದ್ದಳು. "ಹೊತ್ತು ಹುಟ್ಟಿದಾಗಿನಿಂದ ಮುಳುಗೋತನಕ ಆ ನಾಲಿಗೆಯಿಂದ ಅವನು ದೂರ ಇರ್ತಾನೆ ಕಣೇ ಕ್ಲೋತಿಲ್ದ್. ನನಗೆ ಅಷ್ಟೇ ಸಾಕು" ಎಂದಳು.

ಆ ಪ್ರಾಣಿಕಥೆಗಳನ್ನು ತಂದವನು ಪ್ಯಾರಿಸಿನ ಹಳೆ ಸಾಮಾನಿನ ವರ್ತಕ ವೆರ್ದಿಯೆ. ಒಟ್ಟು ನಾಲ್ಕು. ಕಾಗೆ ಮತ್ತು ನರಿ, ನರಿ ಮತ್ತು ಕೊಕ್ಕರೆ, ಎತ್ತಿನಷ್ಟಾಗಲು ಹೊರಟ ಕಪ್ಪೆ. ಈ ಮೂರೂ ಗಟ್ಟಿಯಾಗಿದ್ದವು. ನಾಲ್ಕನೆಯದು ತೋಳ ಮತ್ತು ಕುರಿಮರಿ. ಯಾವುದೋ ಹಳೇ ಬಂಗಲೆಯ ತೇವದ ಗೋಡೆಗೆ ನೂರು ವರ್ಷ ಅಂಟಿಕೊಂಡಿದ್ದು, ತೋಳದ ಬೆನ್ನ ಹಿಂದಿನ ಮರಗಳು ಎರಡು ಮೊಳದಗಲ ಕೊಳೆತುಹೋಗಿದ್ದವು. ಹಾಸಿನ ಎಳೆ ಮಾತ್ರ ಉಳಿದು, ಬಣ್ಣ ಕೊಡುವ ಹೊಕ್ಕು ಪೂರಾ ಹೋಗಿತ್ತು. ತೋಳಕ್ಕೆ ಏನೂ ಆಗಿರಲಿಲ್ಲ. ನೀರು ಕುಡಿಯುತ್ತಿದ್ದ ಕುರಿಮರಿಗೂ ಏನೂ ಆಗಿರಲಿಲ್ಲ.

ಹಳೆಯ ಮರಗಳ ಬಣ್ಣದಲ್ಲಿ ಒಂದು ಕಷ್ಟವಿದೆ. ಹಿಂದಿನವರು ನೀಲಿಯ ಮೇಲೆ ಗಿಡದಿಂದ ತೆಗೆದ ಹಳದಿ ಹಾಕಿ ಹಸಿರು ಮಾಡುತ್ತಿದ್ದರು. ಕಾಲ ಕಳೆದಂತೆ ಹಳದಿ ಹಾರಿಹೋಗಿ ಎಲೆಗಳು ನೀಲಿಗೆ ತಿರುಗುತ್ತವೆ. ಎಷ್ಟು ತಿರುಗಿವೆ ಎನ್ನುವುದನ್ನು ಹಿಡಿಯುವುದೇ ಬಣ್ಣಗಾರನ ಜಾಣತನ. ಲೂಸಿಯನ್ ಮೂರು ವಾರ ಒದ್ದಾಡಿ ಒಂಬತ್ತು ಲಡಿ ತಯಾರು ಮಾಡಿದ. ಮೆಲಾನಿ ಕಿಟಕಿಯ ಬಳಿ ಒಂದನ್ನು ಎತ್ತಿ ಹಿಡಿದಳು.

"ಇದು ಮರವಾ, ಕೆಸರಾ?"

"ಬಟ್ಟೆ ಮೇಲಿಟ್ಟು ನೋಡಿದೀನಮ್ಮ. ಹೊಂದುತ್ತೆ."

"ಮೇಲಿಟ್ಟು ನೋಡೋರ ಹತ್ರ ನಾನು ಮಾತಾಡಲ್ಲ. ಹಳದಿ ತೆಗಿ, ನೀಲಿ ಏರಿಸು. ಇನ್ನೂರು ವರ್ಷದ ಎಲೆ ಎಷ್ಟು ನೀಲಿ ಆಗಿರುತ್ತೆ ಅಂತ ನನಗೆ ಗೊತ್ತು."

ಅವನು ಆ ಒಂಬತ್ತನ್ನು ಬದಿಗಿಟ್ಟು, ಹೊಸ ಲಡಿಗಳಿಗೆ ಹಳದಿ ಕಡಿಮೆ ಮಾಡಿ ನೀಲಿ ಏರಿಸಿದ. ಅದೂ ಕೆಸರು. ಮತ್ತೆ ಏರಿಸಿದ. ಅದು ಒಗೆದ ಕೆಸರು. ನಾಲ್ಕನೆಯ ಸಲಕ್ಕೆ ಅವಳು ಹೌದು ಎಂದಳು. ಅವಳ ತಲೆಯಲ್ಲಿದ್ದ ಬಣ್ಣ ತಪ್ಪಾಗಿರಲಿಲ್ಲ, ಈಗ ನಮಗದು ಗೊತ್ತು. ಆ ಬಣ್ಣವನ್ನು ಮುಟ್ಟುವುದಕ್ಕೆ ಅವಳ ಕಣ್ಣಿಗೆ ಅಷ್ಟು ನೀಲಿ ಬೇಕಾಗಿತ್ತು. ನೇಯ್ದ ಮೇಲೆ ಹೆಚ್ಚಾಗಿದೆ ಎಂದು ತಿಳಿಯುವುದಕ್ಕೂ ಇದ್ದದ್ದು ಅದೇ ಕಣ್ಣು, ಅದಕ್ಕೆ ಆ ನೀಲಿಯೂ ಸುತ್ತಲಿನ ಹಸಿರೂ ಒಂದೇ ಮಂಕಾಗಿ ಕಾಣುತ್ತಿದ್ದವು.

ಆ ಮನೆಯ ರಾತ್ರಿಯೂಟ ಮಾರ್ಚ್ ತಿಂಗಳಿಡೀ ಹೇಗೆ ಸಾಗಿತ್ತೆಂದು ಗೋಡೆಯಾಚೆಯಿಂದ ನಾನು ಬಲ್ಲೆ. ಎಲೆಕೋಸು ಹಂದಿಕೊಬ್ಬಿನ ಸೂಪು, ರೈ ಬ್ರೆಡ್ಡು. ತಳದಲ್ಲಿ ಉಳಿದ ಸೂಪಿಗೆ ವೈನ್ ಹುಯ್ದು ಬಟ್ಟಲೆತ್ತಿ ಕುಡಿಯುವ ಹೊತ್ತಿಗೆ ಜಗಳ ಶುರುವಾಗುತ್ತಿತ್ತು. ಮೊದಲು ಬಾಯಿ ತೆರೆದವಳು ಮೊಮ್ಮಗಳು ಜಿನೆತ್. ಹದಿನೇಳರ ಹುಡುಗಿ. ಅಜ್ಜಿಯ ಪಕ್ಕ ಕೂತು ರಫೂ ಕಲಿಯುತ್ತಿದ್ದಳು, ಸೂಜಿಗಳಿಗೆ ದಾರ ಪೋಣಿಸಿ ಸಾಲಾಗಿ ಇಡುವುದು ಅವಳ ಕೆಲಸ. ಅಜ್ಜಿ ಮಧ್ಯಾಹ್ನ ಮಲಗಿದಾಗ ಅವಳು ಅಪ್ಪನ ಮೊದಲ ಲಡಿಯನ್ನೂ ಅಜ್ಜಿ ಒಪ್ಪಿದ ಲಡಿಯನ್ನೂ ಬಟ್ಟೆಯ ಮೇಲಿಟ್ಟು ನೋಡಿದ್ದಳು. ಅಪ್ಪನದು ಬಟ್ಟೆಯೊಳಗೆ ಕಾಣದಂತೆ ಸೇರಿಹೋಯಿತಂತೆ. ಅಜ್ಜಿಯದು ಮೇಲೆಯೇ ಕೂತು ಕಣ್ಣು ಚುಚ್ಚಿತಂತೆ. ಅದನ್ನು ಅವಳು ಊಟದ ಮೇಜಿನಲ್ಲಿ ಎಲ್ಲರೆದುರು ಹೇಳಿಬಿಟ್ಟಳು.

"ನಿನಗೆ ಸೂಜಿ ಹಿಡಿಯೋದು ಕಲಿಸಿದ್ದು ಯಾರು?" ಎಂದು ಕೇಳಿದಳು ಮೆಲಾನಿ.

"ನೀನೇ ಅಜ್ಜಿ."

"ಮತ್ತೆ ನೋಡೋದು ಕಲಿಸಿದ್ದು ಯಾರು, ಇವನಾ?"

ಲೂಸಿಯನ್ ಬಟ್ಟಲು ಎತ್ತಿಕೊಂಡು ಮುಖಕ್ಕೆ ಅಡ್ಡ ಹಿಡಿದ. ಜೆರ್ಮೇನ್ ತಡೆಯಲಾರದೆ, ಹಾಸಿಗೆ ಬಟ್ಟೆ ನೀಲಿಯಾದರೂ ಬೆಳ್ಳಗಿದೆ ಅಂದವರ ಕಣ್ಣನ್ನು ನಂಬಿ ಗಂಡನ ಕೆಲಸ ಕಳೆಯುವುದಾ ಎಂದಳು. ಅಷ್ಟೇ ಸಾಕಾಯಿತು. ಮೆಲಾನಿ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಲೂಸಿಯನ್ ಹೋಗಿ ಅವಳ ಕಾಲ ಬಳಿ ಕೂತು, ನೀನು ಹೇಳಿದ ಬಣ್ಣವೇ ಸರಿ ಅಮ್ಮ, ಊಟಕ್ಕೆ ಬಾ ಎಂದ. ಬಂದಳು. ಬಂದು, ಉಪ್ಪು ಹೆಚ್ಚಾಗಿದೆ ಎಂದಳು.

ಜೆರ್ಮೇನ್ ಇನ್ನೊಂದು ಉಪಾಯ ಹುಡುಕಿದಳು, ಸುಲಭದ್ದೇ. ದಾರ ಪೋಣಿಸುವವಳು ಜಿನೆತ್ ತಾನೆ? ಲಡಿಯನ್ನಾದರೆ ಮುದುಕಿ ಎತ್ತಿ ಹಿಡಿದು ನೋಡುತ್ತಾಳೆ. ಸೂಜಿಯಲ್ಲಿರುವ ಒಂದು ಎಳೆಯನ್ನು ನೋಡುವುದಿಲ್ಲ. ಲೂಸಿಯನ್‌ನ ಮೊದಲ ಒಂಬತ್ತು ಲಡಿ ಕೊಟ್ಟಿಗೆಯಲ್ಲಿ ಹಾಗೇ ಇದ್ದವು. ಅವನ್ನೇ ಪೋಣಿಸಿ ಕೊಟ್ಟರೆ ಮೆಲಾನಿ ತನಗೆ ಗೊತ್ತಿಲ್ಲದೆ ಸರಿಯಾದ ಮರವನ್ನು ಕಟ್ಟುತ್ತಾಳೆ. ಮುದುಕಿಯ ಮಾನವೂ ಉಳಿಯುತ್ತದೆ, ಲೂಸಿಯನ್‌ಗೆ ಜಾಗವೂ ಸಿಗುತ್ತದೆ. ಜಿನೆತ್ ಕುಣಿದು ಒಪ್ಪಿದಳು. ಗಂಡನನ್ನು ಕೇಳದೆ ಮಾಡಿಬಿಡಬೇಕಿತ್ತು ಎಂದು ಜೆರ್ಮೇನ್ ಇವತ್ತಿಗೂ ತಲೆ ಚಚ್ಚಿಕೊಳ್ಳುತ್ತಾಳೆ. ಅವಳು ಕೇಳಿದಳು. ಕೊಟ್ಟಿಗೆಯ ಬಾಗಿಲಲ್ಲಿ, ನಾನು ಎರವಲು ಪಡೆದ ಜರಡಿ ವಾಪಸು ಕೊಡಲು ಹೋಗಿದ್ದಾಗಲೇ ಆ ಮಾತು ನಡೆಯಿತು.

"ಅಮ್ಮನ ಕೈಗೆ ಮೋಸದ ದಾರ ಕೊಡೋದಾ?" ಎಂದ ಲೂಸಿಯನ್.

"ಮೋಸ ಅಲ್ಲ ಕಣೋ, ಅದು ನಿನ್ನ ಬಣ್ಣ. ಸರಿಯಾಗಿರೋ ಬಣ್ಣ."

"ಸರಿ ಅಂತ ಯಾರು ಹೇಳಿದ್ದು? ಜಿನೆತ್ ಹೇಳಿದ್ಳು. ಅವಳಿಗೆ ಹದಿನೇಳು."

"ನಿನಗೇನು ಕಾಣುತ್ತೆ ಅದನ್ನ ಹೇಳು. ನಿನಗೆ."

ಅವನು ಹಂಡೆಯೊಳಗೆ ಕೋಲು ತಿರುಗಿಸಿದ. "ನನಗೆ ನನ್ನದೇ ಸರಿ ಅನ್ಸುತ್ತೆ. ಆದ್ರೆ ನನಗೆ ಯಾವಾಗ್ಲೂ ಹಾಗೇ ಅನ್ಸೋದು. ಯಾವಾಗ್ಲೂ ಅಮ್ಮಂದೇ ಸರಿ ಆಗಿರೋದು" ಎಂದ. ಆ ಲಡಿಗಳನ್ನು ಯಾರೂ ಮುಟ್ಟಕೂಡದು ಎಂದು ಮಗಳಿಗೂ ಹೆಂಡತಿಗೂ ಆಣೆ ಹಾಕಿದ. ನನಗೆ ಅವನ ಕಪಾಳಕ್ಕೆ ಎರಡು ಬಿಗಿಯಬೇಕು ಅನ್ನಿಸಿತು. ಜರಡಿಯನ್ನು ಬಾಗಿಲ ಬಳಿ ಇಟ್ಟು ಬಂದೆ.

ಮೇ ತಿಂಗಳ ಕೊನೆಯ ವಾರ ಕೆಲಸ ಮುಗಿಯಿತು. ವೆರ್ದಿಯೆ ಪ್ಯಾರಿಸಿನಿಂದ ಕಾರಿನಲ್ಲಿ ಬಂದ. ಅವನ ಜೊತೆ ಕಾರ್ಖಾನೆಯ ಯಜಮಾನನೂ ಬಂದ. ಕೆಲಸ ಮುಗಿಸಿ ಒಪ್ಪಿಸುವಾಗ ಹಗಲು ಬೆಳಕಿನಲ್ಲಿ ಅಂಗಳದಲ್ಲೇ ಹರಡಿ ತೋರಿಸುವುದು ನಮ್ಮಲ್ಲಿಯ ಪದ್ಧತಿ. ಜೆರ್ಮೇನ್ ಬೆಳಿಗ್ಗೆಯೇ ಕಲ್ಲು ತೊಳೆದು ಒಣಗಿಸಿದ್ದಳು. ಚೆರ್ರಿ ಹಾಕಿ ಬೇಯಿಸಿದ ಸಿಹಿ, ಒಳ್ಳೆಯ ಲೋಟಗಳು, ಎಲ್ಲ ಸಿದ್ಧವಾಗಿದ್ದವು. ಲೂಸಿಯನ್ ಮದುವೆಯ ಕೋಟು ಹಾಕಿಕೊಂಡಿದ್ದ. ತೋಳಿನ ಬಣ್ಣವನ್ನು ನಿಂಬೆಹಣ್ಣಿನಿಂದ ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು.

ಹರಡಿದರು. ತೋಳದ ಬೆನ್ನ ಹಿಂದೆ ಶಾಯಿ ಬುಡ್ಡಿ ಉರುಳಿಸಿದ ಹಾಗೆ ಇತ್ತು. ನೋಡುವುದಕ್ಕೆ ಕಸುಬು ಬೇಕಾಗಿರಲಿಲ್ಲ, ಬೀದಿಯಲ್ಲಿ ಹೋಗುವ ಹಾಲಿನವನಿಗೂ ಕಾಣುತ್ತಿತ್ತು. ಸುತ್ತಲಿನ ಮಂಕು ಹಸಿರಿನ ನಡುವೆ ಆ ಮರಗಳು ಮಾತ್ರ ಕಡುನೀಲಿ.

ವೆರ್ದಿಯೆ ಹತ್ತಿರ ಬಂದ. ಮೊಣಕಾಲೂರಿ ಕೂತು, ಬೆರಳಿನಿಂದ ರಫೂವಿನ ಅಂಚು ಸವರಿ ನೋಡಿದ. ಅಂಚು ಎಲ್ಲಿದೆಯೆಂದು ಬೆರಳಿಗೆ ಸಿಗಲಿಲ್ಲ, ಅಷ್ಟು ನಯವಾದ ಕೆಲಸ. ಆಮೇಲೆ ಎದ್ದು, "ಮದಾಮ್, ಈ ಮರಗಳು ನೀಲಿಯಾಗಿವೆ" ಎಂದ.

"ಹಳೇ ಮರ ನೀಲಿ ಆಗೇ ಆಗುತ್ತೆ" ಎಂದಳು ಮೆಲಾನಿ. ಅವಳ ಮುಖದಲ್ಲಿ ಗಾಬರಿಯಿರಲಿಲ್ಲ, ಬೇಸರವಿತ್ತು, ಅಷ್ಟೆ. ಪ್ಯಾರಿಸಿನವರಿಗೆ ಇದೆಲ್ಲ ಏನು ಗೊತ್ತು ಎನ್ನುವ ಬೇಸರ. ಆದರೆ ಅವಳು ಕಾರ್ಖಾನೆಯ ಯಜಮಾನನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಜಿನೆತ್ ನೆಲ ನೋಡುತ್ತಿರುವುದನ್ನು ನೋಡಿದಳು. ಏನೋ ಕೆಟ್ಟಿದೆ ಎಂದು ಆಗ ತಿಳಿಯಿತು ಅವಳಿಗೆ. ಏನೆಂದು ತಿಳಿಯಲಿಲ್ಲ.

"ಬಣ್ಣ ಆರಿಸಿದ್ದು ಯಾರು?" ಎಂದು ಯಜಮಾನ ಕೇಳಿದ.

ಒಂದು ಮಾತು ಸಾಕಾಗಿತ್ತು. ಮೆಲಾನಿ "ನಾನು" ಎಂದರೆ ಮುಗಿಯುತ್ತಿತ್ತು. ಲೂಸಿಯನ್ ತಾಯಿಯ ಕಡೆ ತಿರುಗಿ ನಿಂತ. ಶಾಲೆಯಲ್ಲಿ ಹೆಸರು ಕರೆಯುವುದನ್ನು ಕಾಯುವ ಹುಡುಗನ ಹಾಗೆ ನಿಂತಿದ್ದ.

"ರಫೂ ನಂದು. ಒಂದು ಎಳೆ ತಪ್ಪಿದ್ರೆ ತೋರಿಸಿ" ಎಂದಳು ಮೆಲಾನಿ. "ಬಣ್ಣ ನನ್ನ ಮಗಂದು."

ಜೆರ್ಮೇನ್ ಮುಂದೆ ಬಂದು ಎಲ್ಲವನ್ನೂ ಹೇಳಿದಳು. ಮೂರು ಸಲ ವಾಪಸು ಕಳಿಸಿದ್ದು, ಕೆಸರು ಎಂದದ್ದು, ಕೊಟ್ಟಿಗೆಯಲ್ಲಿ ಸರಿಯಾದ ಲಡಿ ಇನ್ನೂ ಇರುವುದು. ಹೆಂಡತಿ ಗಂಡನ ಪರ ಮಾತಾಡುವುದು ಸಹಜ ಎನ್ನುವ ಹಾಗೆ ಯಜಮಾನ ತಲೆಯಾಡಿಸಿದ. ನೀನು ಹೇಳು ಎಂದು ಲೂಸಿಯನ್‌ನನ್ನು ಕೇಳಿದ. ಲೂಸಿಯನ್ ಬಣ್ಣ ತನ್ನದೇ ಎಂದ. ಜಿನೆತ್ ಬಾಯಿ ತೆರೆದಾಗ ಅವಳ ಭುಜದ ಮೇಲೆ ಕೈಯಿಟ್ಟು ತಡೆದ. ನಾನೂ ಅಲ್ಲೇ ಇದ್ದೆ, ನನಗೂ ಎಲ್ಲ ಗೊತ್ತಿತ್ತು, ಬಾಯಿ ತೆರೆಯಲಿಲ್ಲ. ಪಕ್ಕದ ಮನೆಯ ವಿಷಯ ಎಂದು ಸುಮ್ಮನಾದೆ. ಈ ಕಥೆಯಲ್ಲಿ ನನ್ನ ಪಾಲೂ ಇದೆ.

ಚೆರ್ರಿಯ ಸಿಹಿಯನ್ನು ಯಾರೂ ಮುಟ್ಟಲಿಲ್ಲ. ಜುಲೈ ಒಂದರಿಂದ ಪಕ್ಕದೂರಿನವನೊಬ್ಬ ಕಾರ್ಖಾನೆಯ ಹಿರಿಯ ಬಣ್ಣಗಾರನಾದ.

ನೀಲಿ ಮರಗಳನ್ನು ಬಿಚ್ಚಿ ಮತ್ತೆ ಕಟ್ಟಿಕೊಡಬೇಕೆಂದು ವೆರ್ದಿಯೆ ಹೇಳಿಹೋಗಿದ್ದ. ಮೆಲಾನಿ, ನನ್ನ ಕೆಲಸ ನಾನೇ ಬಿಚ್ಚುವವಳಲ್ಲ ಎಂದು ಬೆನ್ನು ತೋರಿಸಿದಳು. ಬಿಚ್ಚಿದವರು ಜಿನೆತ್ ಮತ್ತು ಜೆರ್ಮೇನ್. ಬೇಸಿಗೆಯಿಡೀ ಹಗಲೆಲ್ಲ ಆ ಕಿಟಕಿಯ ಬಳಿ ಕೂತು, ಲೂಸಿಯನ್‌ನ ಮೊದಲ ಲಡಿಗಳಿಂದ ಮರಗಳನ್ನು ಪುನಃ ಕಟ್ಟಿದವಳು ಜಿನೆತ್. ಅಜ್ಜಿ ಪಕ್ಕದ ಕುರ್ಚಿಯಲ್ಲಿ ಕೂತು ಕೆಸರು, ಕೆಸರು ಎನ್ನುತ್ತಿದ್ದಳು. ಒಂದು ದಿನ ಹುಡುಗಿಗೆ ಸಿಟ್ಟು ನೆತ್ತಿಗೇರಿ, ತೋಳವನ್ನು ತೋರಿಸಿ, "ಇದೂ ನಿನ್ನ ಹಾಗೇ ಅಜ್ಜಿ. ಮೇಲೆ ನಿಂತು ನೀರು ಕದಡಿ, ಕೆಳಗಿರೋನ ತಲೆಗೆ ಕಟ್ಟುತ್ತೆ" ಎಂದಳಂತೆ. ಮುದುಕಿ ಮೂರು ದಿನ ಅವಳ ಹತ್ತಿರ ಮಾತಾಡಲಿಲ್ಲ. ಸೆಪ್ಟೆಂಬರಿನಲ್ಲಿ ವೆರ್ದಿಯೆ ಬಂದು ನೋಡಿ, ಯಾವುದು ಹಳೆಯದು ಯಾವುದು ಹೊಸದು ತಿಳಿಯದೆ ತಲೆದೂಗಿ ನಾಲ್ಕನ್ನೂ ಸುತ್ತಿಕೊಂಡು ಹೋದ. ಮೆಲಾನಿಯ ಕೈ ಎಂದರೆ ಮೆಲಾನಿಯ ಕೈ ಎಂದು ಹೋಗುತ್ತಾ ಹೇಳಿದ. ಯಾರೂ ಅವನನ್ನು ತಿದ್ದಲಿಲ್ಲ.

ಲೂಸಿಯನ್ ಆ ಹೊತ್ತಿಗೆ ರೈಲ್ವೆಯ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಇಳಿಸುವ ಕೆಲಸಕ್ಕೆ ಸೇರಿದ್ದ. ಅವನ ಬಣ್ಣ ಯಾರಿಗೂ ಬೇಡವಾಗಿತ್ತು. ಊರು ಚಿಕ್ಕದು, ನೀಲಿ ಮರದ ಲೂಸಿಯನ್ ಎಂದು ಹೆಸರಿಟ್ಟಾಗಿತ್ತು. ಅವನ ಎರಡು ತಾಮ್ರದ ಹಂಡೆಗಳನ್ನು ಕೊಂಡುಕೊಂಡವನು ಕಾರ್ಖಾನೆಯ ಹೊಸ ಬಣ್ಣಗಾರನೇ. ಕೈಗಾಡಿಗೆ ಅವನ್ನು ಎತ್ತಿ ಹಾಕಲು ಲೂಸಿಯನ್ ತಾನೇ ಕೈಕೊಟ್ಟ. ತಾಮ್ರಕ್ಕೆ ಮರಳು ಹಾಕಿ ಉಜ್ಜಬೇಡ, ಹೊಟ್ಟು ಹಾಕು ಎಂದು ಬುದ್ಧಿ ಬೇರೆ ಹೇಳಿಕೊಟ್ಟ.

ಮೆಲಾನಿಯ ಕಣ್ಣಿನ ವಿಷಯ ಹೊರಬಿದ್ದದ್ದು ಜುಲೈ ಕೊನೆಯಲ್ಲಿ. ಕೆಮ್ಮು ನೋಡಲು ಬಂದ ಡಾಕ್ಟರು ಅವಳ ಮುಖವನ್ನು ಬೆಳಕಿಗೆ ತಿರುಗಿಸಿ, ಎರಡೂ ಕಣ್ಣಿನಲ್ಲಿ ಪೊರೆ ಬೆಳೆದು ಹಳೇ ಬೆಣ್ಣೆಯ ಬಣ್ಣಕ್ಕೆ ತಿರುಗಿದೆ, ಕೆಲವು ವರ್ಷವೇ ಆಗಿರಬೇಕು ಎಂದರು. ಈ ಪೊರೆ ಬೆಳೆಯುವಾಗ ಹತ್ತಿರದ ನೋಟ ಚುರುಕಾಗುವುದೂ ಉಂಟು, ಅದಕ್ಕೇ ಕನ್ನಡಕ ಬೇಡವಾದದ್ದು ಎಂದೂ ಹೇಳಿದರು. ಜೆರ್ಮೇನ್ ಏಪ್ರನ್ ಬಿಚ್ಚದೆ ಸೇತುವೆಯ ತನಕ ಓಡಿದಳು. ಯಜಮಾನ ಅವಳ ಮಾತನ್ನು ಪೂರಾ ಕೇಳಿ, ಅಯ್ಯೋ ಪಾಪ, ಆದರೆ ಜಾಗ ತುಂಬಿದೆಯಲ್ಲಮ್ಮ ಎಂದ.

ಮೆಲಾನಿ ಆ ಮಾತು ನಂಬಲಿಲ್ಲ. ಸೊಸೆ ಡಾಕ್ಟರ ಕಿವಿ ಊದಿದ್ದಾಳೆ ಎಂದಳು. ಕೊನೆಗೆ ಮಗನೇ ಅವಳನ್ನು ಒಪ್ಪಿಸಿ ಅಕ್ಟೋಬರಿನಲ್ಲಿ ಲಿಮೋಜ್‌ನ ಆಸ್ಪತ್ರೆಗೆ ಸೇರಿಸಿದ. ಆಪರೇಷನ್ ಆದ ಮೇಲೆ ತಲೆ ಅಲುಗದಂತೆ ಎರಡು ಬದಿಗೆ ಮರಳಿನ ಚೀಲ ಇಟ್ಟು ಹತ್ತು ದಿನ ಮಲಗಿಸಿದ್ದರು. ಭಾನುವಾರ ಭಾನುವಾರ ಲೂಸಿಯನ್ ಹೋಗಿ ಚಮಚದಲ್ಲಿ ಸೂಪು ಕುಡಿಸಿ ಬರುತ್ತಿದ್ದ. ಅವಳು ವಾಪಸು ಬಂದದ್ದು ಕಪ್ಪು ಕನ್ನಡಕದಲ್ಲಿ. ನಿಜವಾದ ಕನ್ನಡಕ, ಶೀಸೆಯ ತಳದಷ್ಟು ದಪ್ಪದ್ದು, ಡಿಸೆಂಬರ್ ಮೊದಲ ವಾರ ಬಂತು.

ಆ ಭಾನುವಾರದ ಮಧ್ಯಾಹ್ನದ ಊಟಕ್ಕೆ ನನ್ನನ್ನೂ ಕರೆದಿದ್ದರು. ಜೆರ್ಮೇನ್ ಆಲೂಗಡ್ಡೆಯ ಪೈ ಮಾಡಿದ್ದಳು, ಮೇಲೆ ತೂತು ಮಾಡಿ ಧಾರಾಳವಾಗಿ ಕೆನೆ ಹುಯ್ದಿದ್ದಳು. ಮೆಲಾನಿ ಬೆಳಿಗ್ಗೆಯಿಂದ ಮನೆಯೆಲ್ಲ ಸುತ್ತಿ ನೋಡುತ್ತಿದ್ದಳಂತೆ. ಗೋಡೆಗೆ ಯಾವಾಗ ಸುಣ್ಣ ಹೊಡೆದದ್ದು ಎಂದು ಕೇಳಿದಳು, ಹೊಡೆದೇ ಇರಲಿಲ್ಲ. ನನ್ನ ಮುಖ ನೋಡಿ, "ಕ್ಲೋತಿಲ್ದ್, ನೀನು ಇಷ್ಟು ಮುದುಕಿ ಯಾವಾಗ ಆದೆ?" ಎಂದಳು. ನಾವು ನಕ್ಕೆವು. ಲೂಸಿಯನ್ ಕೂಡ ನಕ್ಕ. ಸಂಜೆ ಪಾಳಿಗೆ ಹೋಗಬೇಕಿದ್ದರಿಂದ ಅವನು ಗೂಡ್ಸ್ ಶೆಡ್ಡಿನ ಅಂಗಿಯಲ್ಲೇ ಕೂತಿದ್ದ.

ಜೆರ್ಮೇನ್ ನಗಲಿಲ್ಲ. ಅವಳು ಈ ದಿನಕ್ಕೆಂದೇ ಆರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಪೈ ಕತ್ತರಿಸಿ ಎಲ್ಲರಿಗೂ ಬಡಿಸಿದಳು. ಆಮೇಲೆ ಬೀರುವಿನಿಂದ ಎರಡು ಲಡಿ ತಂದು ಅತ್ತೆಯ ತಟ್ಟೆಯ ಪಕ್ಕ ಇಟ್ಟಳು. ಮೆಲಾನಿ ಮೊದಲನೆಯದನ್ನು ಎತ್ತಿಕೊಂಡು ಕಿಟಕಿಯ ಕಡೆ ಹಿಡಿದಳು.

"ಇದೇನಿದು? ಶಾಯಿಯಲ್ಲಿ ಅದ್ದಿದ ಹಾಗಿದೆ."

"ಇದು ನೀವು ಹೌದು ಅಂದ ಬಣ್ಣ ಅತ್ತೆ."

ಮೆಲಾನಿ ಅದನ್ನು ಕೆಳಗಿಟ್ಟು ಎರಡನೆಯದನ್ನು ಎತ್ತಿದಳು. ಬಹಳ ಹೊತ್ತು ಹಿಡಿದಿದ್ದಳು. ದಪ್ಪ ಗಾಜಿನ ಹಿಂದೆ ಅವಳ ಕಣ್ಣು ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು.

"ಇದು ಸರಿಯಾಗಿದೆ. ಇದು ಆ ಮರದ್ದೇ ಬಣ್ಣ. ಯಾರು ಹಾಕಿದ್ದು?"

"ನಿಮ್ಮ ಮಗ. ಫೆಬ್ರವರಿಯಲ್ಲಿ, ಮೊಟ್ಟಮೊದಲನೇ ಸಲ ಹಾಕಿದ್ದು. ಕೆಸರು ಅಂತ ನೀವು ವಾಪಸು ಕಳಿಸಿದ್ರಿ."

ಜಿನೆತ್ ತಿನ್ನುವುದನ್ನು ನಿಲ್ಲಿಸಿದಳು. ಮುದುಕಿಗೆ ಎಲ್ಲ ಅರ್ಥವಾಯಿತು, ಅದನ್ನು ನಾನು ಕಂಡೆ. ಲಡಿ ಹಿಡಿದ ಕೈ ಮೇಜಿನ ಮೇಲೆ ಬಿತ್ತು. ಈಗ ಹೇಳುತ್ತಾಳೆ ಎಂದುಕೊಂಡೆ. ತಪ್ಪಾಯಿತು ಎಂದು ಅವಳು ಹುಟ್ಟಿದಾಗಿನಿಂದ ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಾಳೆ. ಅವಳು ಮಗನ ಕಡೆ ತಿರುಗಿದಳು.

"ಇದು ಸರಿ ಇದೆ ಅಂತ ನಿನಗೆ ಗೊತ್ತಿತ್ತಾ?"

ಲೂಸಿಯನ್ ಬ್ರೆಡ್ಡಿನ ಚೂರನ್ನು ಬೆರಳಲ್ಲಿ ಉಂಡೆ ಮಾಡುತ್ತಿದ್ದ. "ಗೊತ್ತಿತ್ತಮ್ಮ."

"ಗೊತ್ತಿದ್ದೂ ಅಷ್ಟು ನೀಲಿ ಹಾಕಿದ್ಯಾ?"

"ನೀನು ಹೇಳ್ದೆಯಲ್ಲಮ್ಮ."

"ನಾನು ಕುರುಡಿ. ನಿನಗೇನಾಗಿತ್ತು?" ಅವಳ ದನಿ ಏರಲಿಲ್ಲ. "ಕುರುಡಿ ಹೇಳಿದ್ಲು ಅಂತ ಕಣ್ಣಿದ್ದೂ ತಪ್ಪು ಬಣ್ಣ ಹಾಕೋನು ಬಣ್ಣಗಾರನಾ? ಆ ಜಾಗ ನಿನಗೆ ಸಿಗದೇ ಇದ್ದದ್ದೇ ಒ‍ಳ್ಳೇದಾಯ್ತು."

ಹೇಳಿ, ಲಡಿಯನ್ನು ಸರಿಸಿ ಪೈ ತಿನ್ನಲು ಶುರು ಮಾಡಿದಳು. ಲೂಸಿಯನ್ ಹೌದಮ್ಮ ಎಂದ. ಬಲವಂತಕ್ಕೆ ಹೇಳಿದ್ದಲ್ಲ, ಯೋಚಿಸಿ ಒಪ್ಪಿಕೊಂಡು ಹೇಳಿದ್ದು.

ನಾನು ಜೆರ್ಮೇನ್ ಕಡೆ ನೋಡಿದೆ. ಈಗ ಸಿಡಿಯುತ್ತಾಳೆ, ತಟ್ಟೆಗಳು ಹಾರುತ್ತವೆ ಎಂದುಕೊಂಡಿದ್ದೆ. ಅವಳು ಅತ್ತೆಯನ್ನು ನೋಡಲೇ ಇಲ್ಲ. ಗಂಡನನ್ನೇ ನೋಡುತ್ತಿದ್ದಳು, ಆ ಮಾತು ಎಲ್ಲಿ ನಾಟಿದೆ ಎಂದು ಹುಡುಕುವವಳ ಹಾಗೆ. ಮರುದಿನ ಒಗೆಯುವ ಕಟ್ಟೆಯಲ್ಲಿ, ಯಾರೂ ಇಲ್ಲದಾಗ, ನನಗೆ ಹೇಳಿದಳು. "ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ ಅವಳ ಮಾತು ಸರಿ ಅನ್ನಿಸಿತು ಕಣೇ. ಅಲ್ಲೇ, ಊಟದ ಮೇಜಿನಲ್ಲೇ. ಅವನ ಮುಖ ನೋಡ್ತಾ ನೋಡ್ತಾ ಅನ್ನಿಸಿಬಿಡ್ತು. ಇನ್ನು ನಾನು ಆ ಮನೇಲಿ ಯಾರ ಪರ ಇರಲಿ?"

ಅವಳು ಅತ್ತಳು. ನಾನು ಅವಳ ಬಕೆಟ್ಟಿನ ಬಟ್ಟೆ ಹಿಂಡಿಕೊಟ್ಟೆ.